ತಲೆಗೆ ತಂತಿ ಅಂಟಿಸಿದ ದಿನ

ನನ್ನ ಅಕ್ಷರ ಅಂಕುಡೊಂಕು, ಮಾತೂ ಸಾಲದು. ಮೂರನೆಯ ತರಗತಿಗೆ ಶಾಲೆ ಬಿಟ್ಟವಳ ಬರಹವೆಂದು ಸಹಿಸಿಕೊಳ್ಳಬೇಕು.

ಕಂಪ್ಲಿಯ ಕಾಲುವೆ ಗದ್ದೆಗಳಲ್ಲಿ ನಾಟಿ ಮಾಡುವಾಗ ನನ್ನ ಲಕ್ಷ್ಯ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ತಿದ್ದಿದರೆ ಸಿಟ್ಟು ಉಕ್ಕುತ್ತಿತ್ತು. ಒಮ್ಮೆ ಸಸಿಯ ಕಟ್ಟನ್ನು ನಮ್ಮ ಗುಂಪಿನ ಹಿರಿಯಾಕೆಯ ಮುಖಕ್ಕೇ ಎಸೆದೆ. "ನಿನಗ ಹುಚ್ಚು ಹಿಡದೈತಿ, ಕೆಲಸಕ್ಕ ಬರಬ್ಯಾಡ" ಎಂದಳು. ನಿಜವಿರಬಹುದೆಂಬ ಭಯದಿಂದ ಹೊಸಪೇಟೆಯ ವೈದ್ಯರಲ್ಲಿಗೆ ಹೋದೆ. ಅವರು ಮಿದುಳಿನ ಅಲೆಗಳನ್ನು ಕಾಗದದ ಮೇಲೆ ಗೀಚುವ ಯಂತ್ರದ ಪರೀಕ್ಷೆಗೆ ಬರಹೇಳಿದರು.

ಮರ್ಯಾದೆಯಾಗಿ ಕಾಣಲೆಂದು ತಲೆತುಂಬ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ಹೋದೆ. ಯಂತ್ರದ ಬಳಿಯಿದ್ದ ನರ್ಸಮ್ಮ ಹಣೆ ಚಚ್ಚಿಕೊಂಡರು.

"ಎಣ್ಣಿ ಇದ್ದರ ತಂತಿ ಅಂಟಂಗಿಲ್ಲಕ್ಕ. ನಾಳೆ ಬರ್ರಿ."

"ಮೊದಲ ಹೇಳಾಕ ಏನಾಗಿತ್ತು ನಿಮಗ?" ಎಂದು ಕೂಗಿಬಿಟ್ಟೆ. ಕೂಡಲೇ ನಾಚಿಕೆಯಿಂದ ಅಳು ಬಂತು.

ಆಕೆ ಬೈಯಲಿಲ್ಲ. "ಬರ್ರಿ, ಕುಂದ್ರಿ, ನಾನ ತೊಳಿತೀನಿ" ಎಂದು ನಲ್ಲಿಯ ಕೆಳಗೆ ಸೋಪು ಹಚ್ಚಿ ಮೂರು ಸಲ ತೊಳೆದರು. ಅವ್ವ ತೀರಿಕೊಂಡ ಮೇಲೆ ನನ್ನ ತಲೆಯನ್ನು ಯಾರೂ ತೊಳೆದಿರಲಿಲ್ಲ.

ತಲೆ ಒರೆಸಿ ತಂತಿ ಅಂಟಿಸಿ ಪರೀಕ್ಷೆ ಮುಗಿಸಿದರು. ಯಂತ್ರ ಗೀಚಿದ ಕಾಗದ ನೋಡಿ ವೈದ್ಯರು ಹೇಳಿದರು: "ಇದರಾಗ ದೋಷ ಇಲ್ಲಮ್ಮ. ನಿಮಗ ಹುಚ್ಚೂ ಇಲ್ಲ. ಕೆಲವರ ಮಿದುಳು ಸಣ್ಣಂದಿನಿಂದ ಹಂಗ. ಲಕ್ಷ್ಯ ಜಾರತೈತಿ, ಸಿಟ್ಟಿಗೆ ಬ್ರೇಕ್ ತಡವಾಗಿ ಬೀಳತೈತಿ. ಅದು ಈ ಯಂತ್ರಕ್ಕ ಕಾಣಂಗಿಲ್ಲ."

ಹುಚ್ಚಿಲ್ಲವೆಂದು ಚೀಟಿ ಬರೆದುಕೊಟ್ಟರು. ಹಿರಿಯಾಕೆಗೆ ಅದನ್ನು ಓದಿ ಹೇಳಿ, ಕೈಮುಗಿದು ತಪ್ಪೊಪ್ಪಿಕೊಂಡೆ.

"ನಮ್ಮ ಗುಂಪಿನಾಗ ಹುಚ್ಚಿಲ್ಲಂತ ಬರೆಸಿಕೊಂಡು ಬಂದಾಕಿ ನೀನೊಬ್ಬಾಕಿನ. ಉಳಿದವರದು ಯಾರಿಗೆ ಗೊತ್ತು? ಇಳಿ ಗದ್ದಿಗೆ" ಎಂದು ನಕ್ಕಳು.

ಆ ನರ್ಸಮ್ಮನ ಕೈಗಳಿಗೆ ನಾನು ಋಣಿ. ಬರೆದುದರಲ್ಲಿ ತಪ್ಪಿದ್ದರೆ ಓದಿದವರು ಮನ್ನಿಸಬೇಕು.