ಕಟಿಂಗ್ ಮೇಜಿನ ಮೇಲಿನ ಮಾತು

ನಮ್ಮ ಮನೆಯ ಗಂಡಸರು ಕೈ ಎತ್ತಿದವರಲ್ಲ, ಕುಡಿದವರೂ ಅಲ್ಲ. ಮಾತು ಬಿಡುತ್ತಿದ್ದರು, ಅಷ್ಟೆ. ಅಷ್ಟೇ ತಾನೇ ಎನ್ನುವವರು ಒಂದು ವಾರ ಅಂಥ ಮನೆಯಲ್ಲಿ ಇದ್ದು ನೋಡಲಿ. ಅಜ್ಜ ಸ್ವಂತ ಅಣ್ಣನ ಜೊತೆ ಸಾಯುವ ತನಕ ಮಾತಾಡಲಿಲ್ಲ. ಅಪ್ಪ ಅಮ್ಮನ ಜೊತೆ ಮಾತು ಬಿಟ್ಟು ಆರು ವರ್ಷ ಕಳೆದ. ಕಾರಣ ಏನೆಂದು ಕಡೆಕಡೆಗೆ ಅವನಿಗಾದರೂ ನೆನಪಿತ್ತೋ ಇಲ್ಲವೋ. ಭಾನುವಾರ ಬಂತೆಂದರೆ ಮಾತ್ರ ಇಬ್ಬರೂ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಹಾಡು ಹಾಡುತ್ತಿದ್ದರು.

ಅಪ್ಪ ದರ್ಜಿ. ಹೇಳಬೇಕಾದ್ದನ್ನು ಕಟಿಂಗ್ ಮೇಜಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಊಟ ಬೇಡ. ಇಸ್ತ್ರಿ ಸರಿಯಿಲ್ಲ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಓದಿ ಹೇಳುವ ಕೆಲಸ ನನ್ನದು, ಆಗ ನನಗೆ ಎಂಟು ವರ್ಷ. ಅಮ್ಮ ಕೇಳಿಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದಳು. ಆರನೇ ವರ್ಷ ಅವಳು ತೀರಿಕೊಂಡು, ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಅಪ್ಪ ಬಾಯಿಬಿಟ್ಟು ಅವಳನ್ನು ಹೆಸರು ಹಿಡಿದು ಕರೆದ. ಏನು ಪ್ರಯೋಜನ ಹೇಳಿ. ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅದೇ ಮೇಜು ಈಗ ನನ್ನ ತಮ್ಮನದು. ಅವನು ಕತ್ತರಿಸಿ ಹೊಲಿಯುತ್ತಾನೆ, ನಾನು ಕಾಜಾ ಹಾಕಿ ಗುಂಡಿ ಹಚ್ಚುತ್ತೇನೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗಿರುವವಳು ಒಬ್ಬಳೇ ಮಗಳು. ಅವಳು ಹುಟ್ಟಿದ ದಿನ ಅವನು ಚರ್ಚಿಗೆ ಹೋಗಿ ಮೊಣಕಾಲೂರಿ, ಅಪ್ಪನ ಮೌನ ನನ್ನಿಂದ ಈ ಮಗುವಿಗೆ ಬರದಿರಲಿ ಎಂದು ಅತ್ತಿದ್ದನ್ನು ನಾನೇ ಕಂಡಿದ್ದೇನೆ. ಹತ್ತೊಂಬತ್ತು ವರ್ಷ ಅದನ್ನು ನಡೆಸಿಕೊಂಡೂ ಬಂದ.

ಹೋದ ವರ್ಷ ಒಬ್ಬ ಗಿರಾಕಿ ಕೋಟು ಹಾಕಿ ನೋಡುವಾಗ ಭುಜ ಬಿಗಿಯಾಯಿತು. ಹಾಕಿ ಹಾಕಿ ಸಡಿಲ ಆಗುತ್ತದೆ ಎಂದು ತಮ್ಮ ಸಮಜಾಯಿಷಿ ಹೇಳುತ್ತಿದ್ದ. ಮಗಳು ಟೇಪು ಹಿಡಿದು ಅಳೆದು, ಗಿರಾಕಿಯ ಎದುರಿಗೇ, ಅಪ್ಪ ಒಂದು ಇಂಚು ಕಮ್ಮಿ ಹಿಡಿದಿದ್ದಾನೆ ಎಂದುಬಿಟ್ಟಳು. ಇದ್ದದ್ದನ್ನೇ ಹೇಳಿದಳು. ಆವತ್ತಿನಿಂದ ತಮ್ಮ ಅವಳ ಜೊತೆ ಮಾತು ಬಿಟ್ಟ.

ಒಂದು ದಿನ, ಒಂದು ವಾರ, ಐದು ವಾರ. ಒಂದು ಬೆಳಗ್ಗೆ ಮೇಜಿನ ಮೇಲೆ, ಅಪ್ಪನ ಕಾಲದ ಹಾಗೇ, ಸೀಮೆಸುಣ್ಣದ ಅಕ್ಷರ ಕಂಡಿತು. ಅಕ್ಕ, ಕಾಲರ್ ಬಿಚ್ಚಲು ಅವಳಿಗೆ ಹೇಳು ಎಂದು ಬರೆದಿದ್ದ. ಅವಳು ಎರಡು ಮಾರು ದೂರದಲ್ಲೇ ಕೂತಿದ್ದಳು. ಎಂಟನೇ ವಯಸ್ಸಿಗೇ ಈ ಕೆಲಸ ಮಾಡಿ ಸಾಕಾಗಿದೆ ಮಾರಾಯ, ಬೇರೆ ಅಂಚೆಯವನನ್ನು ನೋಡಿಕೋ ಎಂದು ಸೂಜಿ ಕೆಳಗಿಟ್ಟೆ.

ಮಗಳು ಜಗಳವಾಡಲಿಲ್ಲ. ದೂರದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಗೊತ್ತುಮಾಡಿಕೊಂಡಳು, ಹಾಸ್ಟೆಲ್ಲೂ ನೋಡಿಕೊಂಡಳು. ಭಾನುವಾರ ಮಧ್ಯಾಹ್ನದ ಬಸ್ಸು. ಅವಳೂ ಈ ಮನೆಯವಳೇ. ಹೀಗೆ ಹೋದರೆ ತಿರುಗಿ ಬರುವವಳಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಆ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಹಂಚಿಕೊಳ್ಳುವ ಆರಾಧನೆ. ನಾವು ಬೇರೆಯವರನ್ನು ಕ್ಷಮಿಸಿದ್ದೇವೆ ಎಂದು ದೇವರ ಮುಂದೆ ಹೇಳಬೇಕಾದ ಸಾಲು ಪ್ರಾರ್ಥನೆಯಲ್ಲಿ ಬಂದಾಗ ಪಕ್ಕದಲ್ಲಿದ್ದ ತಮ್ಮನ ದನಿ ನಿಂತುಹೋಯಿತು. ರೊಟ್ಟಿಗೆಂದು ಸಾಲಿನಲ್ಲಿ ನಿಂತ. ಅವನ ಮುಂದೆ ಇನ್ನಿಬ್ಬರೇ ಇದ್ದರು, ಅಷ್ಟರಲ್ಲಿ ತಿರುಗಿ ಬಾಗಿಲ ಕಡೆ ಹೊರಟ. ಜನ ನೋಡುತ್ತಿದ್ದರು. ಏದುಸಿರು ಬಿಡುತ್ತ ನಾನೂ ಹಿಂದೆ ಓಡಿದೆ. ಮಗಳಿಗೆ ಮುಖ ಕೊಡದವನು ಯಾವ ಮುಖ ಹೊತ್ತು ಆ ರೊಟ್ಟಿಗೆ ಕೈಯೊಡ್ಡಲಿ, ನನಗೆ ಸುಸ್ತಾಗಿದೆ ಅಕ್ಕ ಎಂದ. ನೇರ ಅಂಗಡಿಗೆ ನಡೆದ.

ಅಂಗಡಿಯಲ್ಲಿ ಮಗಳು ಚೀಲದ ಜಿಪ್ ಎಳೆಯುತ್ತಿದ್ದಳು. ತಮ್ಮ ಮೇಜಿನ ಹತ್ತಿರ ಹೋದ. ಸೀಮೆಸುಣ್ಣ ಎತ್ತಿಕೊಂಡು ಮೇಜಿನ ಮೇಲೆ ತಪ್ಪಾಯಿತು ಎಂದು ಬರೆದ. ಅಯ್ಯೋ ದಡ್ಡ, ಕ್ಷಮೆಯನ್ನೂ ಅದರಲ್ಲೇ ಬರೆಯುತ್ತಾರೇನೋ. ಓದಿ ಹೇಳಲಿ ಎಂದು ನನ್ನ ಕಡೆ ನೋಡಿದ. ನಾನು ಗೋಡೆ ಕಡೆ ಮುಖ ತಿರುಗಿಸಿದೆ.

ಮಗಳು ಬಂದು ತಾನೇ ಓದಿದಳು. ಒದ್ದೆ ಬಟ್ಟೆ ತಂದು ನಿಧಾನವಾಗಿ ಒರೆಸಿದಳು, ಥೇಟ್ ನಮ್ಮ ಅಮ್ಮನ ಹಾಗೆ. ಆಮೇಲೆ ಅಮ್ಮ ಒಂದು ದಿನವೂ ಕೇಳದಿದ್ದನ್ನು ಕೇಳಿದಳು.

“ಬಾಯಲ್ಲಿ ಹೇಳಪ್ಪ.”

ಅವನು ಮೇಜಿನ ಅಂಚು ಹಿಡಿದುಕೊಂಡ. ಕರ್ತನೇ, ಇವನ ಬಾಯಿ ಬಿಡಿಸು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

“ತಪ್ಪಾಯ್ತು ಮಗಳೇ,” ಎಂದ. “ಒಂದು ಇಂಚು ಕಮ್ಮೀನೇ ಇತ್ತು.”

ಅವಳು ಆ ಚೀಲದ ಮೇಲೆಯೇ ಕೂತು ಅತ್ತಳು. ಬಸ್ಸು ಅದರ ಪಾಡಿಗೆ ಹೋಯಿತು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಈಗಲೂ ಸಿಟ್ಟು ಬಂದರೆ ಅವನ ತುಟಿ ಹೊಲಿದ ಹಾಗಾಗುತ್ತದೆ, ಕೆಲವು ಸಲ ಅರ್ಧ ದಿನ. ಸಂಜೆ ಪ್ರಾರ್ಥನೆಯಲ್ಲಿ ಆ ಸಾಲು ಬರುವ ಮೊದಲು ಮಾತಾಡಿರಲೇಬೇಕು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದಾನೆ. ದಿನಾ ಹೊಸದಾಗಿ ಶುರುಮಾಡಬೇಕು, ನೋಡಿದರೆ ಪಾಪ ಅನಿಸುತ್ತದೆ. ಮೊನ್ನೆ ಕತ್ತರಿ ಕೆಳಗಿಟ್ಟು, ಬೆವರು ಒರೆಸಿಕೊಂಡು ಅವಳಿಗೆ ಹೇಳಿದ.

“ಸಿಟ್ಟು ಬಂದಿದೆ ಕಣೇ. ಸ್ವಲ್ಪ ತಡಿ, ಮಾತಾಡ್ತೀನಿ.”

ಇಷ್ಟು ಕೇಳುವುದಕ್ಕೆ ನಮ್ಮ ಅಮ್ಮ ಆರು ವರ್ಷ ಕಾದಿದ್ದಳು.