ಮೂಗಿನ ಮೇಲಿನ ವಿಭೂತಿ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಹಾಗಾಗಿ ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಆದರೆ ಇದು ನಡೆದದ್ದು ನನ್ನ ಮುಖದ ಮೇಲೆ. ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನಿಲ್ಲ.

ದಾಂಡೇಲಿಯಲ್ಲಿ ನಮ್ಮ ಬಾಡಿಗೆ ಮನೆ. ನಮ್ಮ ಮನೆಯವರಿಗೆ ಪೇಪರ್ ಮಿಲ್ಲಿನಲ್ಲಿ ಕೆಲಸ, ನನಗೆ ಮೌಳಂಗಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಅಡುಗೆ. ಹೋದ ವರ್ಷ ಒಂದು ದಿನ ಬೆಳಗಿನ ಮಬ್ಬಿನಲ್ಲಿ ಕೆಲಸಕ್ಕೆ ನಡೆದು ಹೋಗುವಾಗ ಬಿದಿರು ಮೆಳೆಯಿಂದ ಕರಡಿ ಬಂತು. ಕರಡಿ ಸೀದಾ ಮುಖಕ್ಕೇ ಕೈ ಹಾಕುತ್ತದೆ. ಜೀವ ಉಳಿಯಿತು... ಮೂಗು ಉಳಿಯಲಿಲ್ಲ.

ಹುಬ್ಬಳ್ಳಿಯ ಡಾಕ್ಟರಮ್ಮ ಹೊಸ ಮೂಗು ಮಾಡಿಕೊಟ್ಟರು. ಕಿವಿಯಿಂದ ಚೂರು ಮೆತ್ತನೆಯ ಎಲುಬು ತೆಗೆದು ಅಚ್ಚು ಕಟ್ಟಿದರು. ನನ್ನದೇ ಹಣೆಯ ಚರ್ಮವನ್ನು ಪಟ್ಟಿಯಂತೆ ಬಿಡಿಸಿ, ಕೆಳಗೆ ತಿರುವಿ ಅದರ ಮೇಲೆ ಹೊಲಿದರು. ಪಟ್ಟಿಯ ಬುಡ ಹುಬ್ಬಿನ ಹತ್ತಿರ ಅಂಟಿಕೊಂಡೇ ಇತ್ತು. ರಕ್ತ ಬರುವುದು ಅಲ್ಲಿಂದಲೇ. ಮೂರು ವಾರ ಬಿಟ್ಟು, ಮೂಗು ತನ್ನ ರಕ್ತ ತಾನು ಹಿಡಿದ ಮೇಲೆ ಆ ಬುಡ ಕತ್ತರಿಸಬೇಕು.

“ಅಲ್ಲೀತನಕ ಕೂಸಿನಂಗ ನೋಡ್ಕೊಳ್ಳವ್ವಾ. ಅಳಬ್ಯಾಡ, ಸೀನಬ್ಯಾಡ. ಪಟ್ಟಿ ಕಪ್ಪಾದರ ಹೋತು. ಇನ್ನೊಮ್ಮೆ ಇಂಥಾ ಚರ್ಮ ಸಿಗೂದು ಕಷ್ಟ” ಎಂದು ಹೇಳಿ ಮನೆಗೆ ಕಳಿಸಿದರು.

ಮನೆಗೆ ಬಂದರೂ ನಮ್ಮವ್ವ ಸನವಳ್ಳಿಯಿಂದ ಬಂದು ನನ್ನ ಮುಖ ನೋಡಲಿಲ್ಲ. ಎಮ್ಮೆ ಈದಿದೆ, ಬಿಟ್ಟು ಬರಲಾಗುವುದಿಲ್ಲ ಎಂದು ನಮ್ಮ ಮನೆಯವರು ಹೇಳಿದರು.

“ಮಗಳ ಮೂಗಿಗಿಂತ ಎಮ್ಮಿ ಹೆಚ್ಚಾತೇನ್ರಿ?” ಎಂದು ರೇಗಿದೆ. ಅವರು ಎದ್ದು ಹೊರಗೆ ಹೋದರು.

ತವರಿಗೆ ಹೋದಾಗೆಲ್ಲ ಅವ್ವ ಬೆಳಗ್ಗೆ ನನ್ನ ಹಣೆಗೆ ತಾನೇ ವಿಭೂತಿ ಹಚ್ಚುತ್ತಿದ್ದಳು. ಕುಡುಗೋಲು ತಾಗಿ ಅವಳ ನಡುಬೆರಳಿನ ತುದಿ ಹೋಗಿತ್ತು. ಹಾಗಾಗಿ ಮೂರು ಗೆರೆಯಲ್ಲಿ ನಡುವಿನದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು.

ಮನೆಗೆ ಬಂದ ನಾಲ್ಕನೇ ರಾತ್ರಿ. ಅವರು ರಾತ್ರಿ ಪಾಳಿಗೆ ಹೋಗಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದೆ.

ಕರಡಿ ಹೊಡೆದ ದಿನದಿಂದ ನನಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಆ ರಾತ್ರಿ ಹತ್ತಿತು... ಹಸಿ ಮಣ್ಣಿನ ವಾಸನೆ. ಆಮೇಲೆ ವಿಭೂತಿಯದು.

ಎಚ್ಚರವಾಯಿತು. ಕಣ್ಣು ಬಿಡುವ ಧೈರ್ಯ ಬರಲಿಲ್ಲ. ಹಣೆಯ ಮೇಲೆ ಮೂರು ತಣ್ಣನೆಯ ಬೆರಳು ಎಡದಿಂದ ಬಲಕ್ಕೆ ಮೆಲ್ಲಗೆ ಸರಿದವು. ನನ್ನ ಹಣೆಗೆ ದಪ್ಪನೆಯ ಬ್ಯಾಂಡೇಜು ಇತ್ತು. ಆದರೂ ಬರೀ ಚರ್ಮದ ಮೇಲೆ ಸರಿದಂತೆಯೇ ಆಯಿತು.

ಬೆಳಗ್ಗೆ ಚಿಲಕ ಹಾಕಿದಂತೆಯೇ ಇತ್ತು. ಕನ್ನಡಿ ನೋಡಿಕೊಂಡೆ. ಬ್ಯಾಂಡೇಜಿನ ಮೇಲೆ ಏನೂ ಇರಲಿಲ್ಲ. ಮೂಗಿನ ಮೇಲೆ ಬೂದಿಯ ಮೂರು ಗೆರೆ ಇದ್ದವು.

“ಏ ಶಾಂತಾ, ತಲಿ ಕೆಟ್ಟೈತೇನು ನಿನಗ? ಡಾಕ್ಟರು ಏನ್ ಹೇಳ್ಯಾರ?” ಪಾಳಿ ಮುಗಿಸಿ ಬಂದ ಅವರು ಬೈದರು.

“ನಾ ಯಾಕ ಹಚ್ಕೊಳ್ಳಿ? ಮನ್ಯಾಗ ವಿಭೂತಿ ತೀರಿ ತಿಂಗಳಾತು.”

ಮರುರಾತ್ರಿಯೂ ಹಾಗೇ ಆಯಿತು. ಮೂರನೇ ದಿನ ಹೊಲಿಗೆಯಲ್ಲಿ ಕೀವು ಕಂಡಿತು. ಅಂಚು ಕಪ್ಪಾಗಿತ್ತು. ಹುಬ್ಬಳ್ಳಿಗೆ ಓಡಿದೆವು.

ಡಾಕ್ಟರಮ್ಮ ಕೆಂಡವಾದರು. “ಇನ್ನೊಮ್ಮೆ ಇದರ ಮ್ಯಾಲೆ ಬೂದಿ ಬಿತ್ತಂದ್ರ ಈ ಮೂಗು ನನ್ನ ಕೈಯಾಗಿಲ್ಲ ನೋಡು!”

ಹಣೆಯ ಮೇಲೆ ಬೆರಳಾಡಿದಂತಾಯಿತು ಎಂದೆ. ಅವರು ತಮ್ಮ ಬೆರಳಿನಿಂದ ಮೂಗಿನ ತುದಿ ಮುಟ್ಟಿದರು. ಹಣೆ ಮುಟ್ಟಿದಂತೆಯೇ ಅನ್ನಿಸಿತು.

“ಹಳೇ ನರಾನ ಅದಾವ. ಈ ಚರ್ಮ ಇನ್ನೂ ತಾನು ಹಣಿ ಅಂತ ತಿಳ್ಕೊಂಡೈತಿ, ಅಷ್ಟ” ಎಂದು ನಕ್ಕರು. ಬೆರಳು ಯಾರದು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವಾಪಸು ಬರುವಾಗ, ಬಸ್ಸು ಹಳಿಯಾಳ ದಾಟಿದ ಮೇಲೆ ಮೆಲ್ಲಗೆ ಹೇಳಿದೆ. “ರೀ, ಅದು ನಮ್ಮವ್ವನ ಕೈ. ನಡುವಿನ ಗೆರಿ ಅರ್ಧಾನ ಇತ್ತು.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

“ಅತ್ತಿ ಹೋಗಿಬಿಟ್ರು, ಶಾಂತಾ. ನಿನ್ನ ಆಪರೇಶನ್ ಆದ ಮರುದಿನಾನ. ಮಗಳ ಮುಖ ನೋಡಬೇಕು, ನೋಡಬೇಕು ಅನ್ಕೋತನ... ನಾನ ಹೋಗಿ ಮಣ್ಣು ಕೊಟ್ಟು ಬಂದೆ. ನೀ ಅತ್ತರ ಹೊಲಿಗಿ ಬಿಚ್ಚತಾವ ಅಂತ ಎಲ್ಲಾರೂ ಮುಚ್ಚಿಟ್ವಿ.”

ಅಯ್ಯೋ ನಮ್ಮವ್ವಾ... ಎಮ್ಮೆಯ ಹೆಸರು ಹೇಳಿ ಅವಳನ್ನು ಬೈದಿದ್ದೆನಲ್ಲ! ಅಳುವಂತಿರಲಿಲ್ಲ. ಹಲ್ಲು ಕಚ್ಚಿಕೊಂಡು ದಾಂಡೇಲಿಯವರೆಗೆ ಕೂತೆ.

ಆ ರಾತ್ರಿ ಅವರು ಪಾಳಿಗೆ ಹೋಗಲಿಲ್ಲ. ಲೈಟು ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತರು. ಮಿಲ್ಲಿನ ಗುಂಯ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಆ ಮಣ್ಣಿನ ವಾಸನೆ ಬಂತು. ಅವರಿಗೂ ಹತ್ತಿತು, ಮುಖ ಬಿಳಚಿಕೊಂಡಿತು.

ತಣ್ಣನೆಯ ಬೆರಳು ತಾಗಿದವು. ಎದುರಿಗೆ ಯಾರೂ ಇರಲಿಲ್ಲ.

“ಶಾಂತಾ...” ಅವರು ನನ್ನ ಮುಖದ ಹತ್ತಿರ ಬಗ್ಗಿದರು. “ನಿನ್ನ ಮೂಗಿನ ಮ್ಯಾಲೆ... ಗೆರಿ ಮೂಡಾಕತ್ತೈತಿ...”

ಕೂಗಿದರೆ ಹೊಲಿಗೆ ಬಿಚ್ಚುತ್ತದೆ. ಸುಮ್ಮನಿದ್ದರೆ ಮೂಗು ಹೋಗುತ್ತದೆ. ತುಟಿ ಅಲ್ಲಾಡಿಸದಂತೆ ಪಿಸುಗುಟ್ಟಿದೆ.

“ಯವ್ವಾ, ಮುಟ್ಟಬ್ಯಾಡ. ನೀ ಮುಟ್ಟಿದ್ರ ಮೂಗು ಉಳಿಯೂದಿಲ್ಲಂತ. ಹೋಗು... ಬರಬ್ಯಾಡ.”

ಬೆರಳು ಅರ್ಧದಲ್ಲೇ ನಿಂತವು. ತುಸು ಹೊತ್ತು ಹಾಗೇ ಇದ್ದವು. ಆಮೇಲೆ ಒಂದೊಂದಾಗಿ ಎದ್ದವು. ವಾಸನೆಯೂ ಹೋಯಿತು. ಗಾಯ ತೊಳೆಯಲು ಡಾಕ್ಟರಮ್ಮ ಕೊಟ್ಟಿದ್ದ ನೀರಿನಲ್ಲಿ ಅವರು ಬೂದಿ ತೆಗೆದರು.

ಮೂಗು ಉಳಿಯಿತು. ಬುಡ ಕತ್ತರಿಸಿದರು. ಈಗ ದೂರದಿಂದ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಬುಡದ ಜೊತೆ ನರವೂ ಹೋಗಿ ಮೂಗು ಮರಗಟ್ಟಿದೆ. ನೊಣ ಕೂತರೂ ತಿಳಿಯುವುದಿಲ್ಲ. ವಾಸನೆಯಂತೂ ಈಗ ಯಾವುದೂ ಹತ್ತುವುದಿಲ್ಲ. ಸ್ಪರ್ಶ ನಿಧಾನಕ್ಕೆ ಬರುತ್ತದೆ ಎನ್ನುತ್ತಾರೆ ಡಾಕ್ಟರಮ್ಮ.

ಗಾಯ ಮಾಗಿದೆ, ಈಗ ಮುಟ್ಟಿದರೆ ಏನೂ ಆಗುವುದಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು? ಎಷ್ಟೋ ರಾತ್ರಿ ಮುಖ ತೆರೆದಿಟ್ಟು ಎಚ್ಚರವಿದ್ದೇನೆ. ಬೆರಳು ತಾಗಲಿಲ್ಲ. ಹೆತ್ತವಳನ್ನು ಹೋಗು ಎಂದವಳು ನಾನು. ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ.

ದಿನಾ ಎದ್ದ ಕೂಡಲೇ ಬಿಳಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವವಳು, ಮೊನ್ನೆ ಸೋಮವಾರ ಅದನ್ನು ಬಿಟ್ಟು ಅವರ ಕರಿ ಟವೆಲ್ಲಿನಿಂದ ಒರೆಸಿಕೊಂಡೆ. ಟವೆಲ್ಲಿಗೆ ಬೂದಿ ಹತ್ತಿತು.

ಆ ದಿನಗಳಿಂದ ನಮ್ಮ ಮನೆಗೆ ವಿಭೂತಿ ತಂದೇ ಇಲ್ಲ. ಎಷ್ಟು ರಾತ್ರಿಗಳಿಂದ ಬಂದು ಹೋಗುತ್ತಿದ್ದಾಳೋ... ನನಗೆ ಗೊತ್ತಾಗುತ್ತಿಲ್ಲ.