ಎಂಬತ್ತೆಂಟು ಅಂಕದ ಎತ್ತು

ಚಾಮರಾಜನಗರ ಜಿಲ್ಲೆಯಾದ ಮರುವರ್ಷ, ಅಲ್ಲಿನ ಕಚೇರಿಯೊಂದರ ಗುಮಾಸ್ತ ಶಿವಸ್ವಾಮಿ ಮೈಸೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದ. ಏನನ್ನೇ ಆರಿಸುವುದಿದ್ದರೂ ಗುಣಗಳ ಪಟ್ಟಿ ಮಾಡು, ಅಂಕ ಕೊಡು, ಕೂಡು, ಹೆಚ್ಚು ಬಂದದ್ದನ್ನು ಹಿಡಿ: ಇದು ಅವನು ತಂದ ವಿದ್ಯೆ. ಮೊದಲ ವಾರ ಮನೆಯ ಸಾರಿಗೆ ಸೊಪ್ಪೋ ಕಾಳೋ ಎಂದು ಅಂಕ ಹಾಕಿದ. ಹೆಂಡತಿ ನೀಲಾವತಿ, "ನನ್ನ ನೋಡಕ್ ಬಂದಾಗ ಈ ಲೆಕ್ಕ ಕಲ್ತಿರ್ಲಿಲ್ಲವಲ್ಲ, ನನ್ ಪುಣ್ಯ" ಎಂದಳು.

ಅಷ್ಟರಲ್ಲಿ ತೆರಕಣಾಂಬಿ ಪಕ್ಕದ ಅವರ ಹೊಲಕ್ಕೆ ಒಳ್ಳೆಯ ಮಳೆ ಬಿತ್ತು. ಅಪ್ಪ ಪುಟ್ಟಮಾದಯ್ಯನ ಜೋಡೆತ್ತಿನಲ್ಲಿ ಒಂದು ಸತ್ತು, ಇನ್ನೊಂದು, ಕರಿಯ, ಒಂಟಿಯಾಗಿತ್ತು. ಎರಡು ದಿನದೊಳಗೆ ಜೊತೆ ಸಿಗದಿದ್ದರೆ ನೆಲದ ಹದ ಆರಿ ಜೋಳದ ಬಿತ್ತನೆಯೇ ತಪ್ಪುತ್ತಿತ್ತು. ಕರಿಯನನ್ನೂ ನೊಗವನ್ನೂ ಹಿಡಿದು ಅಪ್ಪ-ಮಗ ಸಂತೆಗೆ ಬಂದರು. ಅಲ್ಲಿ ಹಗ್ಗ, ಮೂಗುದಾರ ಮಾರುವ ನನಗೆ ಯಾರು ಯಾವ ಎತ್ತು ಕೊಂಡರೂ ಸಂತೋಷವೇ.

ಶಿವಸ್ವಾಮಿ ನಾಲ್ಕು ಎತ್ತುಗಳ ಹಲ್ಲು, ಗೊರಸು, ಸುಳಿ, ಭುಜ ನೋಡಿ ಬರೆದುಕೊಂಡ.

"ಏನ್ಲಾ, ಎತ್ಗೂ ಎಸ್ಸೆಲ್ಸಿ ಪರೀಕ್ಸೆ ಮಡಗಿದ್ದೀಯಾ?" ದಲ್ಲಾಳಿ ಮೂಗಯ್ಯ ಕೆಣಕಿದ.

"ನಗ್ಬೇಡ ಕಣಣ್ಣ. ಈ ಬಿಳಿದು ನೂರಕ್ಕೆ ಎಂಬತ್ತೆಂಟು!"

"ನೊಗ ಕಟ್ಲಾ ಮೊದ್ಲು," ಎಂದ ಪುಟ್ಟಮಾದಯ್ಯ.

ಕಟ್ಟಿದರು. ಬಿಳಿ ಎತ್ತು ಬಾಣದಂತೆ ನುಗ್ಗಿತು. ಕರಿಯ ಅಲ್ಲೇ ಮಲಗಿತು. ಎಪ್ಪತ್ತೊಂಬತ್ತರ ಕೆಂದೆತ್ತು ಕರಿಯನಿಗೇ ಕೊಂಬು ತಿರುಗಿಸಿತು. ಅರವತ್ತೇಳರದು ಹಿಂದಕ್ಕೆ ನಡೆಯಿತು. ಸುತ್ತ ಜನ ಸೇರಿದರು. ಹೊತ್ತೇರಿ, ಮಾರುವವರು ದನ ಹೊಡೆದುಕೊಂಡು ಹೊರಡತೊಡಗಿದರು. ಶಿವಸ್ವಾಮಿಯ ಅಂಗಿ ಬೆನ್ನಿಗಂಟಿತ್ತು.

ಉಳಿದದ್ದು ಒಂದು ಬಡಕಲು. ಅಂಕ ಮೂವತ್ತೊಂದು, ಬಾಲದ ಹತ್ತಿರ ಕೆಟ್ಟ ಸುಳಿ ಬೇರೆ.

"ಅದು ಫೇಲು ಕಣಪ್ಪಾ!"

"ಕಟ್ಲಾ ಅಂದ್ರೆ!"

ಕರಿಯ ಅದರ ಕತ್ತು ಮೂಸಿತು, ಒಮ್ಮೆ ನೆಕ್ಕಿತು. ಪುಟ್ಟಮಾದಯ್ಯ ಲೊಚಗುಟ್ಟಿದ್ದೇ ತಡ, ಎಂಟು ಕಾಲಿಗೂ ಒಂದೇ ಹೆಜ್ಜೆ! ಜನ ಕೇಕೆ ಹಾಕಿದರು. "ಒಂಟ್ವು ಕಣಪ್ಪೋ, ಒಂಟ್ವು!" ಎಂದು ಶಿವಸ್ವಾಮಿ ಪಕ್ಕದಲ್ಲೇ ಓಡಿದ. ಮೂಗಯ್ಯನ ಟವಲಿನಡಿ ಕೈ ತೂರಿಸಿ ಬೆರಳು ಹಿಡಿದು ಬೆಲೆ ಮಾತಾಡಿದವನೂ ಅವನೇ. ಅಷ್ಟು ಸಂತೋಷವನ್ನು ಮುಖದಲ್ಲಿಟ್ಟುಕೊಂಡು ಚೌಕಾಸಿ ಮಾಡಿದವನನ್ನು ನಾನು ಕಂಡಿಲ್ಲ. ಮೂಗಯ್ಯ ಒಂದು ಬೆರಳೂ ಬಗ್ಗಿಸಲಿಲ್ಲ; ಕೇಳಿದಷ್ಟನ್ನೇ ಕೊಟ್ಟರು.

"ಕರಿಯನ ಜೊತೆ ಒಂದಾಣ್ಕೆ ಅಂತ ಒಂದ್ ಕಾಲಂ ಬಿಟ್ಟೋಗಿತ್ತು ಕಣಪ್ಪಾ, ಅಷ್ಟೆ."

"ಸೇರಿಸ್ಕೊ. ಎಷ್ಟ್ ಮಾರ್ಕು ಅಂತ ಕರಿಯನ್ನೇ ಕೇಳು."

ಮುದುಕ ಜೋಡಿಯನ್ನು ಊರ ಕಡೆ ತಿರುಗಿಸಲೇ ಇಲ್ಲ, ನೇರ ಹೊಲದ ದಾರಿ ಹಿಡಿದ. ಗುಮಾಸ್ತ ಚಪ್ಪಲಿ ಕೈಗೆತ್ತಿಕೊಂಡು, ಪ್ಯಾಂಟು ಮಡಚಿ, ಹಿಂದೆಯೇ ಓಡಿದ.